ದನಿ ತಟ್ಟೆಯಲ್ಲಿ, ಮನುಷ್ಯ ಕಡತದಲ್ಲಿ

1941ರ ಸೆಪ್ಟೆಂಬರ್ ಮೊದಲ ವಾರ, ಅಮೆರಿಕದ ಮಿಸಿಸಿಪಿ ರಾಜ್ಯದ ಲೇಕ್ ಕಾರ್ಮರಂಟ್ ಎಂಬ ಪುಟ್ಟ ಊರಿನ ದಿನಸಿ ಅಂಗಡಿಯೊಂದರಲ್ಲಿ ನಾಲ್ವರು ಕಪ್ಪು ಸಂಗೀತಗಾರರು ಹಾಡಿದ್ದು ಇವತ್ತಿಗೂ ಕೇಳಲು ಸಿಗುತ್ತದೆ. ಮುಖ್ಯ ಹಾಡುಗಾರ ಸನ್ ಹೌಸ್; ಜೊತೆಗೆ ವಿಲ್ಲಿ ಬ್ರೌನ್‌ನ ಗಿಟಾರ್, ಜೋ ಮಾರ್ಟಿನ್‌ನ ಮ್ಯಾಂಡೊಲಿನ್, ಲೆರಾಯ್ ವಿಲಿಯಮ್ಸ್‌ನ ಮೌತ್ ಆರ್ಗನ್. ಅಂಗಡಿಯ ಮಗ್ಗುಲಲ್ಲೇ ರೈಲು ಹಳಿ. ಹಾಡು ನಡೆಯುತ್ತಿರುವಾಗಲೇ ರೈಲೊಂದು ಗಡಗಡನೆ ಹಾದುಹೋಗುತ್ತದೆ, ಹಾಡುವವರು ನಿಲ್ಲಿಸುವುದಿಲ್ಲ. ಗ್ರಾಮಫೋನ್ ಕಂಪನಿಯವರಾಗಿದ್ದರೆ ಆ ತಟ್ಟೆಯನ್ನು ಮೂಲೆಗೆಸೆದು ಇನ್ನೊಮ್ಮೆ ಹಾಡಿಸುತ್ತಿದ್ದರು. ಯಂತ್ರದೊಂದಿಗೆ ಬಂದಿದ್ದವನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಅಲನ್ ಲೊಮ್ಯಾಕ್ಸ್, ಇಪ್ಪತ್ತಾರರ ಯುವಕ. ಅವನ ತಟ್ಟೆಗಳು ಮಾರಾಟಕ್ಕಲ್ಲ, ಸಂಗ್ರಹಕ್ಕೆ. ಹಾಗಾಗಿ ರೈಲೂ ಉಳಿಯಿತು. ಹಾಡಿದ್ದಕ್ಕೆ ತನಗೆ ಸಿಕ್ಕಿದ್ದು ಒಂದು ತಣ್ಣನೆಯ ಕೋಕಾ-ಕೋಲಾ ಎಂದು ಸನ್ ಹೌಸ್ ಮುಂದೆ ಹೇಳಿಕೊಂಡ. ಎರಡು ವರ್ಷದಲ್ಲಿ ಅವನು ಉತ್ತರದ ರಾಚೆಸ್ಟರ್ ನಗರ ಸೇರಿ ಬೇರೆ ಕೂಲಿಗೆ ಹತ್ತಿದ. 1964ರ ಜೂನ್‌ನಲ್ಲಿ ಮೂವರು ಬಿಳಿಯ ಯುವಕರು ಅವನನ್ನು ಹುಡುಕಿಕೊಂಡು ಬಂದು ಬಾಗಿಲು ತಟ್ಟಿದಾಗ ಅವನು ಗಿಟಾರನ್ನೇ ಬಿಟ್ಟಿದ್ದ. ಅವನ ಹಾಡುಗಳನ್ನು ಅವನಿಗೇ ಮತ್ತೆ ಕಲಿಸಬೇಕಾಯಿತು. ಹಳೆಯ ತಟ್ಟೆಗಳನ್ನು ಕೇಳಿ ಕೇಳಿ ಕರಗತ ಮಾಡಿಕೊಂಡಿದ್ದ ಅಲ್ ವಿಲ್ಸನ್ ಎಂಬ ಹುಡುಗ ಎದುರು ಕೂತು, ನೀವು ಆಗ ಹೀಗೆ ನುಡಿಸುತ್ತಿದ್ದಿರಿ ಎಂದು ತೋರಿಸಿಕೊಟ್ಟ.

ಇವರು ಹಾಡಿದ ಬ್ಲೂಸ್ ಸಂಗೀತದ ಇತಿಹಾಸದಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. 1950ರ ದಶಕದಲ್ಲಿ ನ್ಯೂಯಾರ್ಕಿನ ಜೇಮ್ಸ್ ಮೆಕ್‌ಕ್ಯೂನ್‌ನಂಥ ಕೆಲವೇ ಸಂಗ್ರಾಹಕರು ಇಪ್ಪತ್ತು-ಮೂವತ್ತರ ದಶಕಗಳ ಸವೆದ 78ರ ತಟ್ಟೆಗಳನ್ನು ಹೆಕ್ಕಿ ತಂದು ಕೇಳುತ್ತಿದ್ದರು. 1959ರಲ್ಲಿ ಸ್ಯಾಮ್ಯುಯೆಲ್ ಚಾರ್ಟರ್ಸ್ ಹಳ್ಳಿಗಾಡಿನ ಬ್ಲೂಸ್ ಬಗ್ಗೆ ಪುಸ್ತಕ ಬರೆದ ಮೇಲೆ ಹುಡುಕಾಟಕ್ಕೆ ಕಾವು ಬಂತು. ಮಿಸಿಸಿಪಿ ಜಾನ್ ಹರ್ಟ್ 1928ರಲ್ಲಿ ಹಾಡಿದ್ದ ಒಂದು ಹಾಡಿನಲ್ಲಿ ಅವನ ಊರು ಅವಲಾನ್‌ನ ಹೆಸರಿತ್ತು. ಹಳೆಯ ನಕಾಶೆಯಲ್ಲಿ ಆ ಊರನ್ನು ಪತ್ತೆಹಚ್ಚಿ ಟಾಮ್ ಹಾಸ್ಕಿನ್ಸ್ 1963ರಲ್ಲಿ ಅಲ್ಲಿಗೆ ಹೋದರೆ, ಹರ್ಟ್ ಅಲ್ಲೇ ದನ-ಹೊಲ ನೋಡಿಕೊಂಡಿದ್ದ. ಬುಕ್ಕಾ ವೈಟ್ ಸಿಕ್ಕಿದ ಬಗೆ ಇನ್ನೂ ವಿಚಿತ್ರ. ಅವನ ಹಾಡಿನಲ್ಲಿ ಬರುವ ಅಬರ್ಡೀನ್ ಊರಿನ ಅಂಚೆ ಕಚೇರಿಗೆ, ಅವನ ಹೆಸರಿನ ಜೊತೆ 'ಹಳೆಯ ಬ್ಲೂಸ್ ಹಾಡುಗಾರ' ಎಂದಷ್ಟೇ ಬರೆದು ಜಾನ್ ಫೇಹಿ ಮತ್ತು ಎಡ್ ಡೆನ್ಸನ್ ಪತ್ರ ಹಾಕಿದ್ದರು, ಪತ್ರ ತಲುಪಿತು. ಸ್ಕಿಪ್ ಜೇಮ್ಸ್ ಟ್ಯೂನಿಕಾದ ಆಸ್ಪತ್ರೆಯ ಹಾಸಿಗೆಯಲ್ಲಿ ಸಿಕ್ಕಿದ, ಸನ್ ಹೌಸ್ ಸಿಕ್ಕಿದ ದಿನಗಳಲ್ಲೇ. ಅದೇ ಜೂನ್‌ನಲ್ಲಿ ಅದೇ ಮಿಸಿಸಿಪಿಯಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಮೂವರು ಯುವಕರನ್ನು ಕೊಂದು ಮಣ್ಣಿನ ಕಟ್ಟೆಯೊಂದರಲ್ಲಿ ಹೂತರು. ಹಾಡುಗಾರರನ್ನು ಹುಡುಕಿಕೊಂಡು ದಕ್ಷಿಣಕ್ಕೆ ಕಾರು ಓಡಿಸುತ್ತಿದ್ದವರಿಗೆ ಈ ಸುದ್ದಿ ಮುಟ್ಟದೆ ಇರಲಿಲ್ಲ. ಆದರೂ ಪತ್ರಿಕೆಗಳು ಅವರ ಪಯಣವನ್ನು ನಿಧಿ ಶೋಧದಂತೆ ವರ್ಣಿಸಿದವು: ಒಳಗೆಲ್ಲೋ ಹೂತುಹೋಗಿದ್ದ ಕಲಾವಿದ, ಅವನನ್ನು ಅಗೆದು ತೆಗೆದ ರಸಿಕ.

ಈ ವರ್ಣನೆಯನ್ನು ಹಾಗೇ ನಂಬಿಬಿಟ್ಟರೆ ಇತಿಹಾಸದ ಅರ್ಧ ಕೈಬಿಟ್ಟುಹೋಗುತ್ತದೆ. ಹರ್ಟ್ ತನ್ನೂರಿನಲ್ಲಿ ಯಾರಿಗೂ ಕಾಣೆಯಾಗಿರಲಿಲ್ಲ. ಊರವರನ್ನು ಕೇಳಿದರೆ ಮನೆ ತೋರಿಸುವಷ್ಟು ಪರಿಚಿತ. ಅವನು ಕಾಣೆಯಾಗಿದ್ದದ್ದು ತಟ್ಟೆ ಕೊಳ್ಳುವವರ ಲೋಕಕ್ಕೆ ಮಾತ್ರ. ಹಾಡುಗಾರನ ದನಿ ಉಳಿದು ಹಾಡುಗಾರ ಉಳಿಯದೆ ಹೋದದ್ದೇಕೆ ಎಂದು ಕೇಳಿದರೆ ಉತ್ತರ ತಟ್ಟೆಯಲ್ಲಿ ಸಿಗುವುದಿಲ್ಲ. ಕ್ಷೇತ್ರಕಾರ್ಯದ ಧ್ವನಿಮುದ್ರಣಗಳ ನಿಜವಾದ ಬೆಲೆ ಇರುವುದು ಹಾಡಿನ ಆಚೀಚೆ ಉಳಿದುಕೊಂಡ ಮಾತಿನಲ್ಲಿ, ಮತ್ತು ಆ ಯಂತ್ರದ ಪಕ್ಕ ಕೂತು ಯಾರೋ ಬರೆದಿಟ್ಟ ಟಿಪ್ಪಣಿ, ಪಟ್ಟಿ, ಪತ್ರ, ರಸೀದಿಗಳಲ್ಲಿ. ದನಿಯಿಂದ ಒಬ್ಬ ಮಹಾನ್ ಒಂಟಿ ಬ್ಲೂಸ್ ಗಾಯಕನನ್ನು ಕಲ್ಪಿಸಿಕೊಳ್ಳಬಹುದು, ಐವತ್ತು ವರ್ಷ ಎಲ್ಲರೂ ಮಾಡಿದ್ದು ಅದನ್ನೇ. ಕಾಗದಗಳನ್ನು ಓದಿದರೆ ಆ ಕಲ್ಪನೆ ನಿಲ್ಲುವುದಿಲ್ಲ.

ಉದಾಹರಣೆಗೆ ಮಡ್ಡಿ ವಾಟರ್ಸ್. 1941ರ ಆಗಸ್ಟ್ ಕೊನೆಯಲ್ಲಿ ಲೊಮ್ಯಾಕ್ಸ್ ಕ್ಲಾರ್ಕ್ಸ್‌ಡೇಲ್ ಹತ್ತಿರದ ಸ್ಟೋವಾಲ್ ಎಂಬ ಹತ್ತಿ ಎಸ್ಟೇಟಿಗೆ ಬಂದ. ಅವನು ಹುಡುಕುತ್ತಿದ್ದದ್ದು ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್‌ನನ್ನು. ಜಾನ್ಸನ್ ಸತ್ತು ಆಗಲೇ ಮೂರು ವರ್ಷವಾಗಿತ್ತು. ಅವನಂತೆಯೇ ನುಡಿಸುವ ಒಬ್ಬನಿದ್ದಾನೆ ಎಂದು ಜನ ಕಳಿಸಿದ್ದು ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಡ್ಡಿಯ ಗುಡಿಸಿಲಿಗೆ. ಮಡ್ಡಿ ಮನೆಯಲ್ಲೇ ಕಳ್ಳಭಟ್ಟಿ ಮಾರುತ್ತಿದ್ದವನು, ಬಂದ ಬಿಳಿಯ ಅಬಕಾರಿಯವನೇ ಇರಬೇಕು ಎಂದು ಮೊದಲು ಹೆದರಿದ. ಹಾಡು ಮುಗಿದ ಮೇಲೂ ಯಂತ್ರ ಓಡುತ್ತಲೇ ಇತ್ತು. ಈ ಹಾಡು ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ ಮಡ್ಡಿ, 1938ರ ಅಕ್ಟೋಬರ್ 8ರ ಸುಮಾರಿಗೆ ಕಾರಿನ ಪಂಕ್ಚರ್ ಹಾಕುತ್ತಿದ್ದಾಗ ತಾನೇ ಕಟ್ಟಿದ್ದು ಎನ್ನುತ್ತಾನೆ. ಒಬ್ಬಳು ಹುಡುಗಿಯಿಂದ ಮನಸ್ಸು ನೊಂದಿತ್ತಂತೆ. ಸ್ವಲ್ಪ ಹೊತ್ತಿಗೆ, ಈ ಧಾಟಿ ಸನ್ ಹೌಸ್‌ನಿಂದ ಬಂದದ್ದು ಎನ್ನುತ್ತಾನೆ. ಆಮೇಲೆ ರಾಬರ್ಟ್ ಜಾನ್ಸನ್‌ನ ತಟ್ಟೆಯನ್ನೂ ಕೇಳಿದ್ದೆ ಎಂದು ಸೇರಿಸುತ್ತಾನೆ. ಸುಳ್ಳು ಹೇಳುತ್ತಿದ್ದಾನೆ ಎಂದು ತೋರುವುದಿಲ್ಲ. ಪಂಕ್ಚರ್, ಗುರು, ಗ್ರಾಮಫೋನ್ ಮೂರೂ ಅವನಿಗೆ ಏಕಕಾಲಕ್ಕೆ ನಿಜ. ಬರೀ ಹಾಡನ್ನಷ್ಟೇ ತಟ್ಟೆಗಿಳಿಸಿದ್ದರೆ ನಾವು ಅದನ್ನು ಮಣ್ಣಿನಿಂದೆದ್ದ ಅನಾಮಿಕ ಜನಪದ ಎಂದೋ, ಒಬ್ಬನೇ ಪ್ರತಿಭಾವಂತನ ಸೃಷ್ಟಿ ಎಂದೋ ಬಗೆಯುತ್ತಿದ್ದೆವು. ಕೆಲವು ನಿಮಿಷದ ಮಾತು ಈ ಎರಡು ಊಹೆಗಳನ್ನೂ ಕೆಡವುತ್ತದೆ.

ಆ ಪ್ರಶ್ನೆಗಳನ್ನು ಕೇಳಿದವರಲ್ಲಿ ಲೊಮ್ಯಾಕ್ಸ್ ಒಬ್ಬನೇ ಇರಲಿಲ್ಲ ಎಂಬುದು ಬಹಳ ಕಾಲ ಮರೆತುಹೋಗಿದ್ದ ವಿಷಯ. ಮಡ್ಡಿಯ ಗುಡಿಸಿಲಿನಲ್ಲಿ ಜಾನ್ ವೆಸ್ಲಿ ವರ್ಕ್ ಕೂಡ ಇದ್ದ. ನ್ಯಾಶ್‌ವಿಲ್‌ನ ಫಿಸ್ಕ್ ಕಪ್ಪು ಜನರ ಹೆಸರಾಂತ ವಿಶ್ವವಿದ್ಯಾಲಯ. ವರ್ಕ್ ಅಲ್ಲಿ ಸಂಗೀತದ ಪ್ರಾಧ್ಯಾಪಕ. 1940ರ ಏಪ್ರಿಲ್ 23ರಂದು ಮಿಸಿಸಿಪಿಯ ನ್ಯಾಚೆಸ್‌ನಲ್ಲಿ ನೃತ್ಯಶಾಲೆಯೊಂದಕ್ಕೆ ಬೆಂಕಿ ಬಿದ್ದು ಇನ್ನೂರಕ್ಕೂ ಹೆಚ್ಚು ಕಪ್ಪು ಜನ ಸತ್ತರು. ಅಂಥ ದುರಂತದಿಂದ ಹೇಗೆ ಹಾಡು ಹುಟ್ಟುತ್ತದೆ, ಯಾರು ಕಟ್ಟುತ್ತಾರೆ ಎಂದು ಅಲ್ಲಿಗೇ ಹೋಗಿ ನೋಡಬೇಕು ಎಂಬ ಯೋಜನೆ ಹಾಕಿದವನು ವರ್ಕ್. ಯಂತ್ರಕ್ಕಾಗಿ, ದುಡ್ಡಿಗಾಗಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜೊತೆ ಮಾತುಕತೆ ನಡೆಯುವಷ್ಟರಲ್ಲಿ ಯೋಜನೆಯ ರೂಪ ಬದಲಾಗಿ, ನ್ಯಾಚೆಸ್ ಬಿಟ್ಟುಹೋಗಿ, ಕ್ಲಾರ್ಕ್ಸ್‌ಡೇಲ್ ಇರುವ ಕೊಹೋಮಾ ಜಿಲ್ಲೆಯ ಅಧ್ಯಯನವಾಯಿತು. ವರ್ಕ್ ಹಾಡುಗಳಿಗೆ ಸ್ವರಲಿಪಿ ಹಾಕಿದ. ಸಮಾಜಶಾಸ್ತ್ರಜ್ಞ ಲೂಯಿಸ್ ಜೋನ್ಸ್ ಮತ್ತು ವಿದ್ಯಾರ್ಥಿ ಸ್ಯಾಮ್ಯುಯೆಲ್ ಆ್ಯಡಮ್ಸ್ ಮನೆ ಮನೆ ಸುತ್ತಿ ಜನ ಏನು ಕೇಳುತ್ತಾರೆ, ಎಲ್ಲಿ ಕುಣಿಯುತ್ತಾರೆ ಎಂದು ಬರೆದುಕೊಂಡರು. ವರದಿ ವಾಷಿಂಗ್ಟನ್ನಿಗೆ ಹೋಗಿ ಅಲ್ಲಿ ಕಳೆದುಹೋಯಿತು. ಲೊಮ್ಯಾಕ್ಸ್ 1993ರಲ್ಲಿ ತನ್ನ ನೆನಪುಗಳನ್ನು ಪುಸ್ತಕವಾಗಿಸಿದಾಗ 1941, 1942ರ ಎರಡು ಪ್ರವಾಸಗಳು ಒಂದೇ ಪ್ರವಾಸವೆಂಬಂತೆ ಬೆರೆತುಹೋಗಿದ್ದವು. ವರ್ಕ್‌ಗೆ ಸಿಕ್ಕಿದ ಜಾಗ ಅತ್ಯಲ್ಪ. ಮಡ್ಡಿಯ ಜೀವನಚರಿತ್ರೆ ಬರೆಯಲು ಹೊರಟ ರಾಬರ್ಟ್ ಗಾರ್ಡನ್ ಲೊಮ್ಯಾಕ್ಸ್‌ನ ಕಾಗದಪತ್ರಗಳಲ್ಲೇ ಆ ಹಸ್ತಪ್ರತಿಯನ್ನು ಪತ್ತೆಹಚ್ಚಿದ. ಅದು ಅಚ್ಚಾದದ್ದು 2005ರಲ್ಲಿ.

ಲೂಯಿಸ್ ಜೋನ್ಸ್‌ನ ಒಂದು ಪಟ್ಟಿಯ ಮುಂದೆ ಸ್ವಲ್ಪ ನಿಲ್ಲಬೇಕು. 1941ರ ಸೆಪ್ಟೆಂಬರ್‌ನಲ್ಲಿ ಅವನು ಕ್ಲಾರ್ಕ್ಸ್‌ಡೇಲ್‌ನಲ್ಲಿ ಕಪ್ಪು ಜನ ಸೇರುವ ಐದು ಹೋಟೆಲು-ಬಾರುಗಳಿಗೆ ಹೋಗಿ, ಅಲ್ಲಿನ ಜೂಕ್‌ಬಾಕ್ಸುಗಳಲ್ಲಿದ್ದ ತಟ್ಟೆಗಳ ಹೆಸರನ್ನೆಲ್ಲ ಬರೆದುಕೊಂಡ. ಕಾಸು ಹಾಕಿ ತನಗೆ ಬೇಕಾದ ಹಾಡನ್ನು ಕೇಳುವ ಯಂತ್ರವದು. ಊರಿನ ರುಚಿಗೆ ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಸಿಗುವುದು ಕಷ್ಟ. ಪಟ್ಟಿಯಲ್ಲಿರುವವರು ಲೂಯಿ ಜೋರ್ಡನ್, ಕೌಂಟ್ ಬೇಸಿ, ಲಿಲ್ ಗ್ರೀನ್, ವಾಲ್ಟರ್ ಡೇವಿಸ್. ಬ್ಲೂಸ್‌ನ ತವರು ಎಂದು ನಾವಿಂದು ಹೇಳುವ ಊರಿನಲ್ಲಿ ಚಾರ್ಲಿ ಪ್ಯಾಟನ್ ಇಲ್ಲ, ರಾಬರ್ಟ್ ಜಾನ್ಸನ್ ಇಲ್ಲ. ಮಡ್ಡಿಗೆ ಬರುತ್ತಿದ್ದ ಹಾಡುಗಳ ಪಟ್ಟಿಯನ್ನೂ ಅಧ್ಯಯನದವರು ಬರೆದಿಟ್ಟರು. ಅದರಲ್ಲಿ ಸಿನಿಮಾದ ಕೌಬಾಯ್ ಜೀನ್ ಆಟ್ರಿಯ ಹಾಡುಗಳಿವೆ. ಗ್ಲೆನ್ ಮಿಲ್ಲರ್ ಬ್ಯಾಂಡಿನಿಂದ ಆಗಷ್ಟೇ ಮನೆಮಾತಾಗಿದ್ದ 'ಚಟನೂಗ ಚೂ ಚೂ' ಕೂಡ ಇದೆ. ಶನಿವಾರ ರಾತ್ರಿ ಕುಣಿತಕ್ಕೆ ನುಡಿಸುವವನು ಜನ ಕೇಳಿದ್ದನ್ನು ನುಡಿಸಬೇಕಲ್ಲ. ಆದರೆ ಇದಾವುದನ್ನೂ ಲೊಮ್ಯಾಕ್ಸ್ ತಟ್ಟೆಗಿಳಿಸಲಿಲ್ಲ. ತಟ್ಟೆ ದುಬಾರಿ, ರೇಡಿಯೋದಲ್ಲಿ ದಿನವೂ ಬರುವ ಹಾಡಿಗೆ ಸರ್ಕಾರದ ತಟ್ಟೆ ಯಾಕೆ ಎಂದು ಅವನಿಗೆ ಅನ್ನಿಸಿರಬೇಕು. ಆ ಲೆಕ್ಕಾಚಾರದಲ್ಲಿ ಮೋಸವೇನಿಲ್ಲ. ಫಲಿತಾಂಶ ಮಾತ್ರ ಏಕಪಕ್ಷೀಯ: ಕೇಳುವ ನಮಗೆ ಮಡ್ಡಿ ಬ್ಲೂಸ್ ಬಿಟ್ಟು ಬೇರೇನೂ ಅರಿಯದ ಹಳ್ಳಿಗನಾಗಿ ಕಾಣುತ್ತಾನೆ.

ಈ ಆಯ್ಕೆಯ ಬೇರು ಒಂದು ತಲೆಮಾರು ಹಿಂದಿನದು. ಅಲನ್‌ನ ತಂದೆ ಜಾನ್ ಲೊಮ್ಯಾಕ್ಸ್ 1933ರಲ್ಲಿ ನೂರು ಕಿಲೋಗೂ ಮೀರಿದ ಭಾರದ ಯಂತ್ರವನ್ನು ಕಾರಿಗೆ ಹೇರಿಕೊಂಡು ದಕ್ಷಿಣದ ಸೆರೆಮನೆಗಳನ್ನು ಸುತ್ತಿದ್ದ. ಹೊರಗಿನ ಜಾಜ್, ರೇಡಿಯೋ ಸೋಂಕದ ಹಾಡು ದೀರ್ಘಕಾಲದ ಕೈದಿಗಳ ಬಾಯಲ್ಲಿ ಉಳಿದಿರುತ್ತದೆ ಎಂಬುದು ಅವನ ತರ್ಕ. ಲೆಡ್ ಬೆಲ್ಲಿ ಸಿಕ್ಕಿದ್ದು ಹಾಗೆಯೇ, ಲೂಸಿಯಾನಾದ ಅಂಗೋಲಾ ಜೈಲಿನಲ್ಲಿ. ಆದರೆ ಜೈಲಿನಲ್ಲಾಗಲಿ ಹೊರಗಾಗಲಿ ಬಿಳಿಯನೊಬ್ಬ ಯಂತ್ರ ಹಿಡಿದು ಎದುರು ಕೂತಾಗ ಕಪ್ಪು ಹಾಡುಗಾರ ಏನು ಹಾಡುತ್ತಾನೆ, ಏನನ್ನು ನುಂಗಿಕೊಳ್ಳುತ್ತಾನೆ ಎಂಬುದಕ್ಕೆ 1940ರ ನವೆಂಬರ್‌ನ ಒಂದು ತಟ್ಟೆ ಸಾಕ್ಷಿ. ಅಟ್ಲಾಂಟಾದ ರಸ್ತೆಬದಿಯ ಹೋಟೆಲೊಂದರ ಮುಂದೆ ಹಾಡುತ್ತಿದ್ದ ಅಂಧ ಗಾಯಕ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್‌ನನ್ನು ಜಾನ್‌ನ ಹೆಂಡತಿ ರೂಬಿ ಗುರುತಿಸಿದಳು. ಮರುದಿನ ದಂಪತಿ ತಂಗಿದ್ದ ಕೋಣೆಯಲ್ಲಿ ಮುದ್ರಣ. ಸಂಭಾವನೆ 10 ಡಾಲರ್. ನಡುವೆ ಜಾನ್ ಕೇಳುತ್ತಾನೆ: ಕಷ್ಟ ತೋಡಿಕೊಳ್ಳುವ ಹಾಡು, ಬಿಳಿಯರ ಮೇಲಿನ ದೂರಿನ ಹಾಡು ಯಾವುದಾದರೂ ಬರುತ್ತದೆಯೇ? ಮೆಕ್‌ಟೆಲ್ ಇಲ್ಲ ಎನ್ನುತ್ತಾನೆ, ಬಿಳಿಯರು ಈಗ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ ಎಂಬರ್ಥದ ಮಾತಾಡುತ್ತಾನೆ. ಯಾಕೆ ಕೂತಲ್ಲಿ ಕೂರದೆ ಮಿಸುಕಾಡುತ್ತಿದ್ದೀಯ ಎಂದು ಜಾನ್ ಕೆದಕಿದರೆ, ನಿನ್ನೆ ರಾತ್ರಿ ಕಾರು ಅಪಘಾತದಲ್ಲಿ ಮೈ ನುಗ್ಗಾಗಿದೆ ಎಂದು ನೆಪ ಹೇಳುತ್ತಾನೆ. ನೆಪವೋ ನಿಜವೋ, ಅವನ ದನಿಯಲ್ಲಿನ ಜಾಗರೂಕತೆ ತಟ್ಟೆಯ ಮೇಲೆ ಕೆತ್ತಿದಂತಿದೆ. ಜಾರ್ಜಿಯಾದ ಹೋಟೆಲ್ ಕೋಣೆಯಲ್ಲಿ ಅಂಧನಾದ ಕಪ್ಪು ಮನುಷ್ಯ ಬೇರೆ ಯಾವ ಉತ್ತರ ಕೊಟ್ಟಾನು?

ದೂರಿನ ಹಾಡುಗಳು ಇರಲೇ ಇಲ್ಲವೆಂದಲ್ಲ. ಲಾರೆನ್ಸ್ ಗೆಲರ್ಟ್ ಎಂಬ ಇನ್ನೊಬ್ಬ ಬಿಳಿಯ ಸಂಗ್ರಾಹಕ ಅದೇ ದಶಕಗಳಲ್ಲಿ ಜಾರ್ಜಿಯಾ, ಕೆರೊಲಿನಾಗಳಲ್ಲಿ ಸುತ್ತಿ ಅಂಥವನ್ನು ಮುದ್ರಿಸಿ 1936ರಲ್ಲಿ ಪ್ರತಿಭಟನೆಯ ಹಾಡುಗಳ ಪುಸ್ತಕವನ್ನೇ ತಂದ. ಹಾಡಿದವರ ಪ್ರಾಣಕ್ಕೆ ಅಪಾಯವಾಗದಿರಲಿ ಎಂದು ಹೆಸರುಗಳನ್ನು ಬರೆದಿಡಲಿಲ್ಲ. ಇದರ ಬೆಲೆ ಈಗ ತೆರುತ್ತಿದ್ದೇವೆ. ತಟ್ಟೆಗಳು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿವೆ; ಹಾಡಿದವರು ಯಾರೆಂದು ಪತ್ತೆಯಿಲ್ಲ. ಹೆಸರಿಲ್ಲದ ಕಾರಣಕ್ಕೇ ಆ ಹಾಡುಗಳಲ್ಲಿ ಜನರದ್ದೆಷ್ಟು, ಗೆಲರ್ಟ್‌ನದ್ದೆಷ್ಟು ಎಂಬ ಗುಮಾನಿ ವಿದ್ವಾಂಸರಲ್ಲಿ ಹುಟ್ಟಿ ಇನ್ನೂ ತೀರಿಲ್ಲ. ಮೆಕ್‌ಟೆಲ್‌ಗೆ ಹೆಸರಿತ್ತು, ಆ ಮಾತು ಹಾಡಲಾಗಲಿಲ್ಲ. ಗೆಲರ್ಟ್‌ನ ಗಾಯಕರು ಹಾಡಿದರು, ಹೆಸರು ಕಳೆದುಕೊಂಡರು. ಇವರು ಮರೆವಿಗೆ ಸಂದದ್ದು ಕಾಲದ ಮಹಿಮೆಯಿಂದಲ್ಲ, ಅಂದಿನ ದಕ್ಷಿಣದ ಭಯದಿಂದ.

ಲೊಮ್ಯಾಕ್ಸ್ ಇಲ್ಲದಿದ್ದರೆ ಈ ಚರ್ಚೆಗೆ ವಸ್ತುವೇ ಇರುತ್ತಿರಲಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಪೂರ್ಣ ನಿಜ. ಗ್ರಾಮಫೋನ್ ಕಂಪನಿಗಳು 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೈಚೆಲ್ಲಿದಾಗ ಹಳ್ಳಿಯ ಹಾಡುಗಾರನ ಹತ್ತಿರ ಹೋದದ್ದು ಈ ಅಪ್ಪ-ಮಗನೇ. ಮಡ್ಡಿಯ ಪಾಲಿಗಂತೂ ಆ ಯಂತ್ರ ಹೊಸ ಬಾಳನ್ನೇ ತೆರೆಯಿತು. ಪತ್ರದ ಮೇಲೆ ಪತ್ರ ಬರೆದು ಕೇಳಿದ ಮೇಲೆ ತಟ್ಟೆಯ ಪ್ರತಿಗಳೂ 20 ಡಾಲರಿನ ಚೆಕ್ಕೂ ಬಂದವು, ಅವನು ತನ್ನ ತಟ್ಟೆಯನ್ನು ಜೂಕ್‌ಬಾಕ್ಸಿಗೆ ಹಾಕಿಸಿ ತಾನೇ ಕೇಳಿದ, 1943ರಲ್ಲಿ ಷಿಕಾಗೋ ರೈಲು ಹತ್ತಿದ. ವರ್ಕ್‌ನ ಹಸ್ತಪ್ರತಿ ಕಳೆದದ್ದರ ಹಿಂದೆ ಸಂಚು ಕಾಣುವುದೂ ಅವಸರದ ತೀರ್ಮಾನ. ಯುದ್ಧ ಬಂತು, ಲೊಮ್ಯಾಕ್ಸ್ 1942ರಲ್ಲಿ ಲೈಬ್ರರಿ ಬಿಟ್ಟು ಯುದ್ಧದ ಪ್ರಚಾರ ಇಲಾಖೆ ಸೇರಿದ, ಕಡತಗಳು ಕೈ ಬದಲಾದವು. ಫಿಸ್ಕ್‌ನವರೂ ಎಲ್ಲ ಬಲ್ಲವರೇನಲ್ಲ. ನಯಗೊಂಡ ಭಕ್ತಿಗೀತೆಗಳಿಂದ ಜಗತ್ತಿಗೆ ಪರಿಚಯವಾಗಿದ್ದ ಸಂಸ್ಥೆ ಅದು, ಬ್ಲೂಸ್ ಬಗ್ಗೆ ಅಲ್ಲಿ ಮುಜುಗರ ಇದ್ದೇ ಇತ್ತು. ಇಷ್ಟನ್ನು ಒಪ್ಪಿದರೂ ಒಂದು ಮಾತು ಉಳಿಯುತ್ತದೆ. ಲೊಮ್ಯಾಕ್ಸ್ ಜನರ ಬಾಯಲ್ಲಿದ್ದದ್ದರಲ್ಲಿ ಹಳೆಯದನ್ನು ಆರಿಸಿಕೊಂಡ. ಫಿಸ್ಕ್‌ನವರು ಬಾಯಲ್ಲಿದ್ದದ್ದನ್ನೆಲ್ಲ ಬರೆದುಕೊಂಡರು. ಮೊದಲನೆಯದು ಪ್ರಸಿದ್ಧವಾಗಿ ಎರಡನೆಯದು ಅರುವತ್ತು ವರ್ಷ ಬೀರುವಿನಲ್ಲಿ ಕೂತದ್ದು ಬ್ಲೂಸ್ ಇತಿಹಾಸದ ಮೇಲೆ ಪರಿಣಾಮ ಬೀರದೆ ಬಿಟ್ಟಿಲ್ಲ.

ಇನ್ನೊಂದು ಆಕ್ಷೇಪ ರಸಿಕರದ್ದು. ಜೂಕ್‌ಬಾಕ್ಸಿನ ಪಟ್ಟಿ ಏನೇ ಹೇಳಲಿ, ಸನ್ ಹೌಸ್‌ನ ಹಾಡು ಕೇಳಿದರೆ ಮೈ ಜುಮ್ಮೆನ್ನುತ್ತದೆ, ಜನಪ್ರಿಯತೆಯಿಂದ ಕಲೆಯನ್ನು ಅಳೆಯಬೇಕೇ ಎಂಬುದು. ಅಳೆಯಬೇಕಿಲ್ಲ. 1959ರ ಸೆಪ್ಟೆಂಬರಿನಲ್ಲಿ ಮಿಸಿಸಿಪಿಯ ಕೊಮೊ ಊರಿಗೆ ಅಲನ್ ಲೊಮ್ಯಾಕ್ಸ್ ಮತ್ತು ಇಂಗ್ಲಿಷ್ ಗಾಯಕಿ ಶರ್ಲಿ ಕಾಲಿನ್ಸ್ ಬಂದಾಗ, ಹಗಲೆಲ್ಲ ಹತ್ತಿ ಬಿಡಿಸಿ ಸಂಜೆ ಗಿಟಾರ್ ಹಿಡಿದು ಬಂದ ಫ್ರೆಡ್ ಮೆಕ್‌ಡೊವೆಲ್‌ನನ್ನು ಅದುವರೆಗೆ ಯಾವ ಕಂಪನಿಯೂ ಮುದ್ರಿಸಿರಲಿಲ್ಲ. ಅವನನ್ನು ಕೇಳಿದ ಮೇಲೆ, ಶ್ರೇಷ್ಠರೆಲ್ಲ ಇಪ್ಪತ್ತರ ದಶಕದ ತಟ್ಟೆಗಳಲ್ಲೇ ಸೇರಿಹೋಗಿದ್ದಾರೆ ಎಂಬ ಸಂಗ್ರಾಹಕರ ನಂಬಿಕೆಗೆ ಅರ್ಥ ಉಳಿಯಲಿಲ್ಲ. ಹಾಡಿನ ಬೆಲೆಯನ್ನು ಕಿವಿ ನಿರ್ಧರಿಸಲಿ. ಆದರೆ ಕಿವಿಗೆ ರುಚಿಸಿದ್ದೇ ಒಂದು ಕಾಲದ, ಒಂದು ಜನದ ಇಡೀ ಚರಿತ್ರೆ ಎಂದು ಸಾಧಿಸಲು ಹೊರಟಾಗ ಪಟ್ಟಿಗಳನ್ನು ತೆರೆಯಲೇಬೇಕಾಗುತ್ತದೆ.

ಕಿವಿಯನ್ನೇ ನಂಬಿದ್ದರಿಂದ ಯಾರು ಹೊರಗುಳಿದರು ಎಂಬುದಕ್ಕೆ ಸಿಡ್ ಹೆಂಫಿಲ್ ಸಾಕು. 1942ರ ಆಗಸ್ಟ್‌ನಲ್ಲಿ ಲೊಮ್ಯಾಕ್ಸ್ ಮಿಸಿಸಿಪಿಯ ಡೆಲ್ಟಾ ಎಂಬ ಬಯಲು ಬಿಟ್ಟು ಪೂರ್ವದ ಗುಡ್ಡಗಳ ಕಡೆ ತಿರುಗಿದಾಗ ಸಿಕ್ಕಿದವನು ಈ ಅಂಧ ವಾದ್ಯಗಾರ. ಪಿಟೀಲು ನುಡಿಸುತ್ತಿದ್ದ, ಕೊಳಲು ಊದುತ್ತಿದ್ದ, ಬೇರೆ ಬೇರೆ ಉದ್ದದ ಜೊಂಡಿನ ಕೊಳವೆಗಳನ್ನು ಸಾಲಾಗಿ ಕಟ್ಟಿದ ವಾದ್ಯವನ್ನು ತುಟಿಗಿಟ್ಟು ನಡುನಡುವೆ ಕೂಗು ಹಾಕುತ್ತಿದ್ದ, ಬ್ಯಾಂಜೊ-ಡೋಲುಗಳ ಮೇಳ ಕಟ್ಟಿದ್ದ, ವಾದ್ಯಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ. ಸುತ್ತಲ ಬಿಳಿಯರ ಕುಣಿತಕ್ಕೂ ಅವನೇ, ಕಪ್ಪು ಜನರ ಕುಣಿತಕ್ಕೂ ಅವನೇ. ಊರಿನ ರೈಲು ಮಾರ್ಗದ ಮೇಲೆ, ಸೆನಟೋಬಿಯಾದ ಜೈಲಿಗೆ ಜನ ನುಗ್ಗಿ ಶೆರಿಫ್ ಕೊಲೆಯಾದ ಪ್ರಸಂಗದ ಮೇಲೆ, ಲಾವಣಿ ಕಟ್ಟಿ ಹಾಡಿದ್ದಾನೆ. ಲೊಮ್ಯಾಕ್ಸ್ ಎಲ್ಲವನ್ನೂ ಮುದ್ರಿಸಿದ, ಹೆಸರು-ವಿವರ ಬರೆದ, 1959ರಲ್ಲಿ ಮತ್ತೆ ಹುಡುಕಿಕೊಂಡು ಹೋದ. ಅವನನ್ನು ದೂರುವಂತಿಲ್ಲ. ಅರುವತ್ತರ ದಶಕದ ಅಭಿಮಾನಿಗಳಿಗೆ ಮಾತ್ರ ಹೆಂಫಿಲ್ ಬೇಕಾಗಲಿಲ್ಲ. ಅವರಿಗೆ ಬೇಕಿದ್ದದ್ದು ಗಿಟಾರ್ ಹಿಡಿದು ಒಂಟಿಯಾಗಿ ಕೊರಗುವ ಗಂಡಸು. ಮೇಳ ಕಟ್ಟಿಕೊಂಡು, ಮದುವೆ-ಪಿಕ್ನಿಕ್ಕುಗಳಿಗೆ ಬಾಡಿಗೆಗೆ ಹೋಗಿ, ಊರ ಸುದ್ದಿಯನ್ನು ಹಾಡಾಗಿಸುವವನನ್ನು ಯಾವ ಖಾನೆಗೆ ಹಾಕಬೇಕೋ ತಿಳಿಯಲಿಲ್ಲ. 1942ರ ಅವನ ಹಾಡುಗಳಿಗೇ ಮೀಸಲಾದ ಸಂಪುಟ ಬರಲು 2013ರ ತನಕ ಕಾಯಬೇಕಾಯಿತು. ಮೊಮ್ಮಗಳು ಜೆಸ್ಸಿ ಮೇ ಹೆಂಫಿಲ್ ಆ ವೇಳೆಗೆ ಅವನಿಗಿಂತ ಪ್ರಸಿದ್ಧಳಾಗಿ, ತೀರಿಯೂ ಹೋಗಿದ್ದಳು.

ಕಾಗದ ಹಿಡಿದು ಮನುಷ್ಯನನ್ನು ತಲುಪಿದ ಕಥೆಗಳಲ್ಲಿ ನನಗೆ ಹೆಚ್ಚು ಅರ್ಥಪೂರ್ಣವೆನಿಸುವುದು ಬ್ಲೂಸ್‌ನ ನೆರೆಯ ಪ್ರಕಾರವಾದ ದುಡಿಮೆಯ ಹಾಡಿನದು. 1959ರಲ್ಲಿ ಮಿಸಿಸಿಪಿಯ ಪಾರ್ಚ್‌ಮನ್ ಸೆರೆಮನೆಯಲ್ಲಿ ಕಟ್ಟಿಗೆ ಒಡೆಯುತ್ತ ಕೈದಿಗಳು ಹಾಡಿದ್ದನ್ನು ಲೊಮ್ಯಾಕ್ಸ್ ಮುದ್ರಿಸಿ, ಹಾಡು ಎತ್ತಿಕೊಟ್ಟವನ ಹೆಸರು ಬರೆದುಕೊಂಡಿದ್ದ: ಜೇಮ್ಸ್ ಕಾರ್ಟರ್. 2000ದಲ್ಲಿ ಕೋಯೆನ್ ಸಹೋದರರ ಸಿನಿಮಾವೊಂದು ಆ ಮುದ್ರಣದಿಂದಲೇ ಶುರುವಾಯಿತು. ಅದರ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಗಿ ಗ್ರ್ಯಾಮಿ ಗೆದ್ದಿತು. ಲೊಮ್ಯಾಕ್ಸ್ ಸಂಗ್ರಹದವರು ಆ ಒಂದು ಹೆಸರನ್ನು ಹಿಡಿದು ಮಿಸಿಸಿಪಿಯ ಜೈಲು ದಾಖಲೆ, ಪಿಂಚಣಿ ಕಡತ, ಆಸ್ತಿ ಪತ್ರಗಳನ್ನೆಲ್ಲ ಜಾಲಾಡಿ, ಷಿಕಾಗೋದಲ್ಲಿದ್ದ ಮುದುಕನನ್ನು 2002ರಲ್ಲಿ ಪತ್ತೆಹಚ್ಚಿ ಸುಮಾರು 20,000 ಡಾಲರಿನ ಮೊದಲ ಚೆಕ್ಕು ಕೊಟ್ಟರು. ಕಾರ್ಟರನಿಗೆ ಆ ಹಾಡು ಹಾಡಿದ ನೆನಪೇ ಇರಲಿಲ್ಲ. ನಿಮ್ಮ ಆಲ್ಬಮ್ ಮೈಕೆಲ್ ಜಾಕ್ಸನ್‌ನದ್ದಕ್ಕಿಂತ ಹೆಚ್ಚು ಓಡುತ್ತಿದೆ ಎಂದಾಗ, ಜಾಕ್ಸನ್ ಬಂದು ಸೇರಿಕೊಳ್ಳುವಂತೆ ನಾನು ಸ್ವಲ್ಪ ನಿಧಾನಿಸುತ್ತೇನೆಂದು ತಿಳಿಸಿಬಿಡಿ ಎಂದು ನಕ್ಕನಂತೆ. ಅವನ ಜೊತೆ ಅಂದು ಕೊಡಲಿ ಬೀಸುತ್ತ ದನಿಗೂಡಿಸಿದವರು ಹಲವರು. ಆಲ್ಬಮ್ಮಿನ ಮೇಲೆ ಅಚ್ಚಾಗಿರುವುದು 'ಜೇಮ್ಸ್ ಕಾರ್ಟರ್ ಮತ್ತು ಕೈದಿಗಳು' ಎಂದಷ್ಟೇ.